ಯಾದಗಿರಿಯ ಚಿಕ್ಕ ತರಗತಿಗಳಿಗೆ ಮೇಷ್ಟ್ರು ಕೊಡಿ

ಸಂಪಾದಕರೇ,

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. ಬೈಗುಳವೆಲ್ಲ ಹೈಸ್ಕೂಲಿಗೆ. ಆದರೆ ಮಗು ಹಿಂದೆ ಬೀಳುವುದು ಒಂದು, ಎರಡು, ಮೂರನೇ ಕ್ಲಾಸಿನಲ್ಲೇ ಅಲ್ವಾ? ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಈ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಪಾಠದ ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯಬೇಕು. ಪದ್ಧತಿ ನಿಜಕ್ಕೂ ಒಳ್ಳೆಯದು, ಆದರೆ ಅದಕ್ಕೆ ದಿನವಿಡೀ ಮಕ್ಕಳ ಪಕ್ಕದಲ್ಲೇ ಇರುವ ಮೇಷ್ಟ್ರು ಬೇಕು, ಅವರೇ ಬಿಸಿಯೂಟದ ಲೆಕ್ಕ, ಸಮೀಕ್ಷೆ, ಮತದಾರರ ಪಟ್ಟಿ ಅಂತ ಓಡಾಡಿದರೆ ಕಾರ್ಡು ಸುಮ್ನೆ ಬಿದ್ದಿರುತ್ತದೆ. ಅಪ್ಪ-ಅಮ್ಮನ ಜೊತೆ ಗುಳೆ ಹೋಗಿ ಬಂದ ಮಕ್ಕಳ ಪಾಡಂತೂ ಇನ್ನೂ ಕಷ್ಟ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹಿಡಿದು ಕಲಿಸುವವರು ಯಾರು?

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕು. ಮುಂದಿನ ಜೂನ್ ಒಳಗೆ ಖಾಲಿ ಹುದ್ದೆ ತುಂಬಿಸಿ.

— ಒಬ್ಬ ಓದುಗ, ಯಾದಗಿರಿ ಜಿಲ್ಲೆ