ಹ್ಯಾಲೊಜನ್ ಎಂಬ ಹೆಸರಿನ ಹಿಂದೆ

ಗುಂಪಿನ ಎಲ್ಲರಿಗೂ ನಮಸ್ಕಾರ. 'ಹ್ಯಾಲೊಜನ್' ಎಂದರೇನೆಂದು ನಿನ್ನೆ ಇಲ್ಲಿ ಪ್ರಶ್ನೆ ಬಂದಿತ್ತು. ಕ್ಲೋರಿನ್, ಅಯೋಡಿನ್ ಮುಂತಾದ ಮೂಲವಸ್ತುಗಳ ಕುಟುಂಬದ ಹೆಸರಿದು. ಗ್ರೀಕ್ ಭಾಷೆಯಲ್ಲಿ 'ಹಾಲ್ಸ್' ಎಂದರೆ ಉಪ್ಪು. 'ಜೆನ್' ಹುಟ್ಟಿಸುವುದನ್ನು ಸೂಚಿಸುವ ಪದಮೂಲ. ಆಮ್ಲಜನಕ, ಜಲಜನಕಗಳ ಜಾಡಿನಲ್ಲೇ ಇದನ್ನು ಲವಣಜನಕ ಎನ್ನಬಹುದು. ಅರ್ಥವನ್ನು ಹೆಸರಿನಲ್ಲೇ ಹೊತ್ತ ಈ ಪದ ನನಗೆ ಬಹಳ ಇಷ್ಟ.

ಕ್ಲೋರಿನ್ ತುಂಬಿದ ಗಾಜಿನ ಜಾಡಿಗೆ ಉರಿಯುವ ಸೋಡಿಯಂ ಚೂರನ್ನು ಇಳಿಸಿದರೆ ಹಳದಿ ಜ್ವಾಲೆ ಧಗ್ಗನೆ ಏಳುತ್ತದೆ. ಅನಿಲದ ಹಸಿರು ಛಾಯೆ ತೆಳುವಾಗುತ್ತಾ, ಗಾಜಿನ ಒಳಮೈಗೆ ಬಿಳಿ ಪುಡಿ ಕೂರುತ್ತದೆ. ಅದು ನಾವು ದಿನವೂ ಉಣ್ಣುವ ಉಪ್ಪೇ! ವಿಷಾನಿಲವೊಂದು, ನೀರು ತಾಗಿದರೆ ಸಿಡಿಯುವ ಲೋಹವೊಂದು ಸೇರಿ ಹುಟ್ಟಿದ್ದು.

1811ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಶ್ವೈಗರ್ 'ಹ್ಯಾಲೊಜನ್' ಹೆಸರನ್ನು ಸೂಚಿಸಿದ್ದು ಕ್ಲೋರಿನ್ ಒಂದಕ್ಕೇ. ಆದರೆ ಹಿಂದಿನ ವರ್ಷ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಇಟ್ಟ 'ಕ್ಲೋರಿನ್' ಹೆಸರೇ ನಿಂತಿತು. ಮುಂದೆ ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ 'ಹ್ಯಾಲೊಜನ್' ಪದವನ್ನು ಇಡೀ ಕುಟುಂಬಕ್ಕೆ ಬಳಸಿದರು. ಫ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳೂ ಇದೇ ಮನೆಯವು.

ಮಕ್ಕಳಿಗೆ ವಿವರಿಸುವವರು ಒಂದು ಮಾತು ಸೇರಿಸಿ: ರಸಾಯನಶಾಸ್ತ್ರದ 'ಲವಣ' ಅಡುಗೆಯ ಉಪ್ಪು ಮಾತ್ರವಲ್ಲ, ಪೊಟ್ಯಾಸಿಯಂ ಅಯೊಡೈಡ್ ಕೂಡ ಲವಣವೇ. ಮೇಲಿನ ಪ್ರಯೋಗವನ್ನು ಮಾತ್ರ ದಯವಿಟ್ಟು ಯಾರೂ ಮನೆಯಲ್ಲಿ ಮಾಡಬೇಡಿ. ಕ್ಲೋರಿನ್ ಶ್ವಾಸಕೋಶವನ್ನು ಸುಡುತ್ತದೆ.