ಸಂಬಳ ಮರೆತು ಲೆಕ್ಕ ಹಾಕು, ಪುಟ್ಟೀ

ಪುಟ್ಟೀ,

ನಿನ್ನೆ ಫೋನಲ್ಲಿ ಅರ್ಧ ನಗು ಅರ್ಧ ಸಿಟ್ಟಲ್ಲಿ ಕೇಳಿದೆಯಲ್ಲ, "ಕೆಲಸ ಹೋದರೆ ಬೇಕಾಗುತ್ತೆ ಅಂತ ಆರು ತಿಂಗಳ ಸಂಬಳ ಎತ್ತಿಡಬೇಕಂತೆ ಅಮ್ಮಾ, ಅದು ಯಾವ ಕಾಲಕ್ಕೆ ಆಗೋದು?" ಅಂತ. ಆಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ.

ಮೊದಲು ಸಂಬಳ ಮರೆತುಬಿಡು. ಎತ್ತಿಡಬೇಕಾದ್ದು ಖರ್ಚಿನ ದುಡ್ಡು. ಅದೂ ಈಗಿನ ಖರ್ಚಲ್ಲ, ಕೈ ಬಿಗಿ ಹಿಡಿದಾಗ ಆಗುವ ಖರ್ಚು. ಕೆಲಸ ಇಲ್ಲದ ತಿಂಗಳು ನೀನು ಪ್ರವಾಸ ಹೋಗಲ್ಲ, ಹೊಸ ಬಟ್ಟೆ ತಗೊಳ್ಳಲ್ಲ. ಬಾಡಿಗೆ, ದಿನಸಿ, ಕರೆಂಟು, ಫೋನು, ಔಷಧಿ, ಸಾಲದ ಕಂತು ಮಾತ್ರ ನಿಲ್ಲಲ್ಲ.

ನಿನ್ನ ಸಂಬಳ 130 ಅಂತಿಟ್ಟುಕೋ. ಸೊನ್ನೆ ಎಷ್ಟು ಬೇಕೋ ನೀನೇ ಸೇರಿಸಿಕೋ. ತಿಂಗಳ ಖರ್ಚು 100. ಅದರಲ್ಲಿ ಬಿಡೋಕಾಗದ್ದು 70. ಇಲ್ಲಿಗೇ ಲೆಕ್ಕ ಮುಗೀತು ಅಂದುಕೊಂಡು ನಾವು ಒಮ್ಮೆ ಸಿಕ್ಕಿಬಿದ್ದಿದ್ದೆವು.

ನಿನಗೆ ಎಂಟು ವರ್ಷ ಇದ್ದಾಗ ನಿಮ್ಮಪ್ಪ ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚಿತು. ನಾಲ್ಕು ತಿಂಗಳು ನಡೆಯುವಷ್ಟು ದುಡ್ಡಿದೆ ಅಂತ ನಾನು ಧೈರ್ಯವಾಗಿದ್ದೆ. ಎರಡನೇ ತಿಂಗಳಲ್ಲಿ ನಿನ್ನ ಸ್ಕೂಲ್ ಫೀಸು, ವಿಮೆಯ ಪ್ರೀಮಿಯಂ ಎರಡೂ ಒಂದೇ ವಾರ ಬಂದವು. ವರ್ಷಕ್ಕೊಮ್ಮೆ ಬರುವ ಖರ್ಚು ನನ್ನ ಲೆಕ್ಕದಲ್ಲೇ ಇರಲಿಲ್ಲ! ನಾಲ್ಕನೇ ತಿಂಗಳಲ್ಲಿ ಕೆಲಸವೇನೋ ಸಿಕ್ಕಿತು. ಆದರೆ ಸಂಬಳ ಕೈಗೆ ಬಂದದ್ದು ಇನ್ನೂ ಐದು ವಾರ ಕಳೆದ ಮೇಲೆ. ಆ ಐದು ವಾರವೇ ಕಷ್ಟ. ಡೈರಿಯ ಕೊನೇ ಹಾಳೆಯಲ್ಲಿ ದಿನಾ ಬಾಕಿ ದುಡ್ಡನ್ನು ಪೆನ್ಸಿಲ್ಲಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಕಾಗದ ಒಂದು ಕಡೆ ತೂತೇ ಬಿದ್ದಿತ್ತು. ಕೊನೆಗೆ ನಿನ್ನ ಮಾವನಿಗೆ ಫೋನ್ ಮಾಡಬೇಕಾಯಿತು. ಅವನು ಒಂದು ಮಾತೂ ಕೇಳದೆ ಕೊಟ್ಟ. ಆದರೂ ಆ ನಂಬರ್ ಒತ್ತೋಕೆ ನನಗೆ ಎರಡು ದಿನ ಬೇಕಾಗಿತ್ತು.

ಅದಕ್ಕೇ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ 12ರಿಂದ ಭಾಗಿಸು. 60 ಆದರೆ ತಿಂಗಳಿಗೆ 5. ಕಂಪನಿ ಕೊಟ್ಟ ಆರೋಗ್ಯ ವಿಮೆ ಬಹಳ ಕಡೆ ಕೆಲಸದ ಜೊತೆಗೇ ಹೋಗಿಬಿಡುತ್ತೆ. ಸ್ವಂತದ್ದು ಮಾಡಿಸೋಕೆ ಇನ್ನೊಂದು 5 ಇಡು. ಒಟ್ಟು 80.

ಇನ್ನು ಎಷ್ಟು ತಿಂಗಳು? ಮೂರರಿಂದ ಆರು ಅಂತ ಎಲ್ಲರೂ ಹೇಳುತ್ತಾರೆ. ಅದು ಸುಮ್ನೆ ಒಂದು ಅಂದಾಜು. ನಿನ್ನಂಥದ್ದೇ ಕೆಲಸ ಕಳೆದುಕೊಂಡವರನ್ನು ಕೇಳು, ಮತ್ತೆ ಸಿಗೋಕೆ ಎಷ್ಟು ದಿನ ಹಿಡಿಯಿತು ಅಂತ. ನಾಲ್ಕು ತಿಂಗಳು ಅಂದರೆ, ಮೊದಲ ಸಂಬಳ ಬರುವವರೆಗಿನ ಒಂದು ತಿಂಗಳನ್ನೂ ಸೇರಿಸು. ಐದು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಕಮ್ಮಿ ಸಾಕು, ಇಬ್ಬರೂ ಒಂದೇ ಕಂಪನಿಯಲ್ಲಿದ್ದರೆ ಮಾತ್ರ ಅದನ್ನು ಒಂದೇ ಸಂಬಳ ಅಂತ ಎಣಿಸಬೇಕು. ಸ್ವಂತ ಕೆಲಸ ಮಾಡುವವರಿಗೆ ವರ್ಷದ್ದಿದ್ದರೂ ಜಾಸ್ತಿಯಲ್ಲ.

80ರಂತೆ ಐದು ತಿಂಗಳಿಗೆ 400. ವಿಮೆ ಕೊಡದ ಆಸ್ಪತ್ರೆ ಖರ್ಚು, ದಿಢೀರ್ ರಿಪೇರಿ, ರಾತ್ರೋರಾತ್ರಿ ಟಿಕೆಟ್ ತಗೊಂಡು ಓಡಬೇಕಾದ್ದು, ಇವಕ್ಕೆ 60. ಒಟ್ಟು 460. ಆರು ತಿಂಗಳ ಸಂಬಳ ಅಂದಿದ್ದರೆ 780 ಆಗುತ್ತಿತ್ತು. ಈಗ ಸ್ವಲ್ಪ ಉಸಿರು ಬಂತು, ಅಲ್ವಾ? ಸಂಬಳದ 130ರಲ್ಲಿ ಈಗಿನ ಖರ್ಚು 100, ವರ್ಷದ ಬಿಲ್ಲಿನ 5 ತೆಗೆದರೆ ನಿನ್ನ ಕೈಯಲ್ಲಿ ತಿಂಗಳಿಗೆ 25 ಉಳಿಯುತ್ತೆ. 19 ತಿಂಗಳಿಗೆ ಮುಗಿಯಿತು.

ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಇದೆ ಅಂದೆಯಲ್ಲ. ಮೊದಲು ಒಂದು ತಿಂಗಳ ಖರ್ಚು, 80, ಎತ್ತಿಡು. ಆಮೇಲೆ ಪೂರ್ತಿ ಕಾರ್ಡಿಗೆ ಕಟ್ಟು. ಬ್ಯಾಂಕು ನಿನಗೆ ಕೊಡುವ ಬಡ್ಡಿಗಿಂತ ಕಾರ್ಡು ನಿನ್ನಿಂದ ಕೀಳುವುದು ಎಷ್ಟೋ ಜಾಸ್ತಿ. ಅದು ತೀರಿದ ಮೇಲೆ ಮತ್ತೆ ಕೂಡಿಡು. ಇನ್ನೂ ಕೆಲವು ತಿಂಗಳು ಹೆಚ್ಚು ಹಿಡಿಯುತ್ತೆ, ಹಿಡಿಯಲಿ.

ಎಲ್ಲಿಡೋದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಒಂದು ತಿಂಗಳದ್ದು ಉಳಿತಾಯ ಖಾತೆಯಲ್ಲಿ. ಉಳಿದದ್ದು ಬೇಕೆಂದಾಗ ಮುರಿಸಬಹುದಾದ ಠೇವಣಿಯಲ್ಲಿ. ಮುರಿಸಿದರೆ ಸ್ವಲ್ಪ ಬಡ್ಡಿ ಹೋಗುತ್ತೆ, ಹೋಗಲಿ. ಷೇರಿಗೆ ಮಾತ್ರ ಹಾಕಬೇಡ. 2020ರ ಮಾರ್ಚ್ ನೆನಪಿದೆಯಾ? ಎಷ್ಟೋ ದೇಶಗಳಲ್ಲಿ ತಿಂಗಳೊಪ್ಪತ್ತಿನಲ್ಲಿ ಷೇರುಪೇಟೆ ಮೂರರಲ್ಲೊಂದು ಪಾಲು ಬಿತ್ತು. ಜನರ ಕೆಲಸ ಹೋದದ್ದೂ ಅದೇ ಹೊತ್ತಿನಲ್ಲಿ.

ಈಗ ನಾನು ಹಾಕಿದ್ದೆಲ್ಲ ಊಹೆಯ ಲೆಕ್ಕ. ಹಿಂದಿನ ಮೂರು ತಿಂಗಳ ಖರ್ಚು ಬರೆದು ಕಳಿಸು. ರಾತ್ರಿ ಹನ್ನೊಂದಕ್ಕೆ ಆನ್‌ಲೈನಲ್ಲಿ ತರಿಸಿದ್ದನ್ನೂ ಸೇರಿಸು. ಬೈಯಲ್ಲ. ಅದನ್ನು 70ರಲ್ಲಿ ಸೇರಿಸಿದ್ದರೆ ಮಾತ್ರ ಬೈತೀನಿ.

ನಿನ್ನ
ಅಮ್ಮ