ಕ್ಯಾರಿಯಿಂದ ಅಪ್ಪನಿಗೆ: ಇಪ್ಪತ್ತಮೂರು ಪಂದ್ಯ, ಒಂದೂ ಸೋಲಿಲ್ಲ

ಕ್ಯಾರಿ, ನಾರ್ತ್ ಕೆರೊಲಿನಾ
15 ಜನವರಿ 2024

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ. ಅಮ್ಮ, ಅಜ್ಜಿ, ಪುಟ್ಟಿ ಹೇಗಿದ್ದಾರೆಂದು ಬರೆಯಿರಿ. ಇವತ್ತು ಸಂಕ್ರಾಂತಿ. ಇಲ್ಲಿನ ಕನ್ನಡದವರ ಮನೆಗಳಲ್ಲೂ ಎಳ್ಳು ಬೆಲ್ಲ ಹಂಚಿದ್ದಾಯಿತು.

ಹೋದ ವಾರ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. "ಒಂದೂ ಪಂದ್ಯ ಸೋಲದೆ ಕಪ್ ಗೆದ್ದರು ಅಂತೀಯಲ್ಲ, ಅದು ಹೇಗೆ ಸಾಧ್ಯ? ನಮ್ಮ ಹುಡುಗಿಯರು ತಾಲ್ಲೂಕು ಮಟ್ಟದಲ್ಲಿ ಮೂರು ಪಂದ್ಯ ಆಡೋಷ್ಟರಲ್ಲಿ ಇಬ್ಬರು ಕುಂಟುತ್ತಿರುತ್ತಾರೆ" ಎಂದಿರಿ. ಇಷ್ಟು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು ಕೇಳಿದ್ದು, ಹಾಗಾಗಿ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ತಂಡ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯ ಹುಡುಗಿಯರ ಫುಟ್‌ಬಾಲ್ ತಂಡ, ಊರು ಟಾಲಹಾಸಿ, ಕೋಚ್ ಬ್ರಯಾನ್ ಪೆನ್ಸ್ಕಿ. ಗೆದ್ದದ್ದು ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಕಪ್. 2023ರ ಸೀಸನ್‌ನಲ್ಲಿ ಆಡಿದ್ದು 23 ಪಂದ್ಯ. ಗೆಲುವು 22, ಡ್ರಾ 1, ಸೋಲು ಸೊನ್ನೆ. ಡಿಸೆಂಬರ್ 1ರ ಶುಕ್ರವಾರ ಸೆಮಿಫೈನಲ್‌ನಲ್ಲಿ ಕ್ಲೆಮ್ಸನ್ ಮೇಲೆ 2-0. ಡಿಸೆಂಬರ್ 4ರ ಸೋಮವಾರ ನಾನಿರುವ ಕ್ಯಾರಿಯದೇ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿ ಫೈನಲ್, ಸ್ಟ್ಯಾನ್‌ಫರ್ಡ್ ಮೇಲೆ 5-1. ಸ್ಟ್ಯಾನ್‌ಫರ್ಡ್ ಕೂಡ ಆ ದಿನದವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಅಂಥ ಎದುರಾಳಿಗೆ ಫೈನಲ್‌ನಲ್ಲಿ ಐದು ಗೋಲು ಹೊಡೆಯುವುದೆಂದರೆ ಸಾಮಾನ್ಯ ಮಾತಲ್ಲ.

ಆದರೆ ನನ್ನ ಮಟ್ಟಿಗೆ ದೊಡ್ಡದು ಆ ಐದು ಗೋಲುಗಳಿಗಿಂತ ಸೋಲಿನ ಕಾಲಂನ ಸೊನ್ನೆ. ಏಕೆಂದರೆ ಇಲ್ಲಿನ ಕ್ಯಾಲೆಂಡರ್ ಇರುವುದೇ ತಂಡಗಳನ್ನು ಸುಸ್ತು ಮಾಡಿ ಬೀಳಿಸುವಂತೆ. ಆಗಸ್ಟ್ ಮಧ್ಯದಲ್ಲಿ ಶುರುವಾಗಿ ಡಿಸೆಂಬರ್ ಮೊದಲ ವಾರಕ್ಕೆ ಎಲ್ಲ ಮುಗಿಯಬೇಕು. ಸಾಮಾನ್ಯವಾಗಿ ಗುರುವಾರ ರಾತ್ರಿ ಒಂದು ಪಂದ್ಯ, ಭಾನುವಾರ ಮಧ್ಯಾಹ್ನ ಇನ್ನೊಂದು. ನಡುವೆ ಸಿಗುವುದು ಎರಡು ದಿನ, ಅದರಲ್ಲೂ ಅರ್ಧ ದಿನ ವಿಮಾನದಲ್ಲೋ ಬಸ್ಸಿನಲ್ಲೋ ಹೋಗುತ್ತದೆ. ಫ್ಲೋರಿಡಾ ಸ್ಟೇಟ್ ಆಡುವ ಎಸಿಸಿ ಕಾನ್ಫರೆನ್ಸಿನಲ್ಲಿ, ಅಂದರೆ ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಕೂಟದಲ್ಲಿ, ದಕ್ಷಿಣದ ತುದಿ ಮಯಾಮಿ, ಉತ್ತರದಲ್ಲಿ ಬಾಸ್ಟನ್. ಇದರ ಜೊತೆಗೆ ತರಗತಿ, ಪರೀಕ್ಷೆ. ಆಮೇಲೆ 64 ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ಅಲ್ಲಿ ಸೋತವರು ಅಂದೇ ಮನೆಗೆ, ಕಪ್ ಬೇಕೆಂದರೆ ಸಾಲಾಗಿ ಆರು ಗೆಲ್ಲಬೇಕು.

ಹನ್ನೊಂದು ಜನರನ್ನೇ ನಂಬಿಕೊಂಡರೆ ಇದು ಆಗುವ ಕೆಲಸವಲ್ಲ. ಇಲ್ಲಿನ ಕಾಲೇಜು ನಿಯಮದಲ್ಲಿ ಬದಲಿ ಆಟಗಾರ್ತಿಯರ ಸಂಖ್ಯೆಗೆ ಮಿತಿಯಿಲ್ಲ, ಮರಳಿ ಬರುವುದಕ್ಕೆ ಮಾತ್ರ ಕಟ್ಟುಪಾಡಿದೆ: ಮೊದಲ ಅರ್ಧದಲ್ಲಿ ಹೊರಗೆ ಹೋದವಳು ಆ ಅರ್ಧದಲ್ಲಿ ಮತ್ತೆ ಒಳಗೆ ಬರುವಂತಿಲ್ಲ, ಎರಡನೇ ಅರ್ಧದಲ್ಲಿ ಒಮ್ಮೆ ಮಾತ್ರ ಮರಳಿ ಬರಬಹುದು. ಹಾಗಾಗಿ ಕೋಚ್‌ಗಳು 25ನೇ ನಿಮಿಷದ ಸುಮಾರಿಗೆ ಮುಂಚೂಣಿಯ ಇಬ್ಬರನ್ನೋ ಮೂವರನ್ನೋ ಒಟ್ಟಿಗೇ ಬದಲಿಸುತ್ತಾರೆ. ಎದುರಾಳಿಯ ಡಿಫೆಂಡರ್‌ಗಳು ದಣಿಯುವ ಹೊತ್ತಿಗೆ ಸರಿಯಾಗಿ ಹೊಸ ಕಾಲುಗಳು ಬೆನ್ನು ಹತ್ತುತ್ತವೆ. ಬೆಂಚಿನ ಹುಡುಗಿಗೆ ತನ್ನ ಇಪ್ಪತ್ತು ನಿಮಿಷ ಯಾವುದೆಂದು ಮೊದಲೇ ಗೊತ್ತಿರುತ್ತದೆ, ಆ ಇಪ್ಪತ್ತು ನಿಮಿಷಕ್ಕಾಗಿಯೇ ಅವಳು ವಾರವಿಡೀ ತಯಾರಾಗಿರುತ್ತಾಳೆ.

ಪಂದ್ಯದ ಮರುದಿನದ ಅಭ್ಯಾಸ ನೋಡಿದರೆ ಗುಟ್ಟು ತಿಳಿಯುತ್ತದೆ. ಅರವತ್ತು ನಿಮಿಷಕ್ಕಿಂತ ಹೆಚ್ಚು ಆಡಿದವರಿಗೆ ಸೈಕಲ್, ಈಜುಕೊಳ, ಹಗುರ ಓಟ, ಅಷ್ಟೇ. ಕಡಿಮೆ ಆಡಿದವರಿಗೆ ಮತ್ತು ಆಡದೇ ಇದ್ದವರಿಗೆ ಚಿಕ್ಕ ಅಂಗಳದಲ್ಲಿ ನಾಲ್ಕು ಜನರ ಎದುರು ನಾಲ್ಕು ಜನ, ನಾಲ್ಕು ನಿಮಿಷದ ಆಟ, ಎರಡು ನಿಮಿಷ ವಿರಾಮ, ಹೀಗೆ ನಾಲ್ಕೈದು ಸುತ್ತು, ಜೊತೆಗೆ ಪೂರ್ತಿ ವೇಗದ ಓಟ. ಎಲ್ಲರ ಕಾಲಿಗೂ ವಾರದ ಕೊನೆಗೆ ಹೆಚ್ಚುಕಡಿಮೆ ಒಂದೇ ದುಡಿತ ಬೀಳಬೇಕೆಂಬುದು ಇದರ ಉದ್ದೇಶ. ನಮ್ಮ ಕಡೆ ಆಗುವುದು ಇದರ ತಿರುವುಮುರುವು. ಆಡಿದವರನ್ನೇ ಮರುದಿನವೂ ಓಡಿಸುತ್ತೇವೆ, ಬೆಂಚಿನವರು ನೀರಿನ ಬಾಟಲಿ ಹೊತ್ತುಕೊಂಡಿರುತ್ತಾರೆ. ಮೂರನೇ ಪಂದ್ಯದಲ್ಲಿ ದಣಿದವಳು ಕಾಲು ಹಿಡಿದು ಕೂರುತ್ತಾಳೆ, ಅವಳ ಜಾಗಕ್ಕೆ ಬಂದವಳಿಗೆ ಓಟವೇ ಅಭ್ಯಾಸವಿರುವುದಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅಪ್ಪ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಭ್ಯಾಸಕ್ಕೆ ಮೊದಲು, ಆಮೇಲೆ ತೂಕ ನೋಡಿಸಿ. ಒಂದು ಕೆ.ಜಿ. ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಸುಮಾರು ಒಂದೂವರೆ ಲೀಟರ್ ಒಳಗೆ ಹೋಗಬೇಕು, ಬರೀ ನೀರು ಸಾಲದು, ಉಪ್ಪೂ ಬೇಕು. ಇಲ್ಲಿ ಬಣ್ಣಬಣ್ಣದ ಬಾಟಲಿ ಕುಡಿಯುತ್ತಾರೆ. ಉಪ್ಪು ಹಾಕಿದ ನೀರುಮಜ್ಜಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನರ್ಧ ಉತ್ತರ ಮಂಡಿಯಲ್ಲಿದೆ. ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎಷ್ಟೋ ಪಾಲು ಹೆಚ್ಚು. ಹರಿದರೆ ಒಂಬತ್ತು ತಿಂಗಳಿಂದ ಒಂದು ವರ್ಷ ಆಟವಿಲ್ಲ. ಬಹಳ ಸಲ ಯಾರೂ ಮುಟ್ಟದೆಯೇ ಹರಿಯುತ್ತದೆ: ಓಡುತ್ತಾ ಗಕ್ಕನೆ ನಿಂತು ತಿರುಗುವಾಗ, ಇಲ್ಲವೆ ಹೆಡರ್‌ಗೆ ಹಾರಿ ಒಂದೇ ಕಾಲ ಮೇಲೆ ಇಳಿಯುವಾಗ. ಹುಡುಗಿ ಹಾರಿ ಇಳಿಯುವುದನ್ನು ನೀವು ಎದುರಿಗೆ ಕೂತು ನೋಡಿ. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಬಂದರೆ ಸರಿ. ಮಂಡಿ ಒಳಕ್ಕೆ ವಾಲಿ ಎರಡು ಮಂಡಿ ಹತ್ತಿರ ಬಂದರೆ ಅಪಾಯ ಕಾದಿದೆ ಎಂದೇ ಲೆಕ್ಕ. ಸೊಂಟದ ಪಕ್ಕದ ಸ್ನಾಯು, ತೊಡೆಯ ಹಿಂದಿನ ಸ್ನಾಯು ದುರ್ಬಲವಾಗಿದ್ದಾಗ ಹೀಗಾಗುತ್ತದೆ.

ಇದಕ್ಕೆ ಫಿಫಾ ಮಾಡಿಸಿದ '11+' ಎಂಬ ವಾರ್ಮ್‌ಅಪ್ ಇದೆ. ಇಪ್ಪತ್ತು ನಿಮಿಷ, ಹದಿನೈದು ವ್ಯಾಯಾಮ, ಮೂರು ಭಾಗ. ಮೊದಲು 8 ನಿಮಿಷ ನಿಧಾನ ಓಟ. ನಡುವೆ 10 ನಿಮಿಷ ಬಲ ಮತ್ತು ಸಮತೋಲದ ವ್ಯಾಯಾಮ. ಕೊನೆಗೆ 2 ನಿಮಿಷ ವೇಗದ ಓಟ. ನಡುವಿನ ಭಾಗವನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದರಲ್ಲೂ ತೊಡೆಯ ಹಿಂಭಾಗದ ವ್ಯಾಯಾಮ: ಮೆತ್ತನೆಯ ನೆಲದಲ್ಲಿ ಮಂಡಿಯೂರಿ ಕೂರಬೇಕು, ಜೊತೆಗಾತಿ ಹಿಂದಿನಿಂದ ಎರಡು ಹರಡುಗಳನ್ನು ಗಟ್ಟಿಯಾಗಿ ನೆಲಕ್ಕೊತ್ತಿ ಹಿಡಿಯಬೇಕು, ತಲೆಯಿಂದ ಮಂಡಿಯವರೆಗೆ ಮೈ ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಬೇಕು, ತಡೆಯಲಾಗದಾಗ ಕೈಯೂರಬೇಕು. ಶುರುವಿನಲ್ಲಿ 3ರಿಂದ 5 ಸಲ ಸಾಕು. ಅಭ್ಯಾಸವಾದ ಮೇಲೆ 7ರಿಂದ 10, ಆಮೇಲೆ 12ರಿಂದ 15. ಮೊದಲ ದಿನವೇ ಹದಿನೈದು ಮಾಡಿಸಿದರೆ ಮೂರು ದಿನ ಮೆಟ್ಟಿಲಿಳಿಯಲಾರರು, ನಾಲ್ಕನೇ ದಿನ ಅಭ್ಯಾಸಕ್ಕೇ ಬರುವುದಿಲ್ಲ. ಎಲ್ಲರೂ ಮಾಡುವ ತಪ್ಪೆಂದರೆ ಸೊಂಟ ಮಡಚಿ ಬಾಗುವುದು. ಸೊಂಟ ಮಡಚಿದರೆ ಹಿಂದೊಡೆಗೆ ಕೆಲಸವೇ ಬೀಳದು. ವಾರಕ್ಕೆ ಕನಿಷ್ಠ ಎರಡು ದಿನ, ತಪ್ಪದೆ, ತಿಂಗಳುಗಟ್ಟಲೆ ಮಾಡಿಸಿದರಷ್ಟೇ ಫಲ.

ಸೋಲದೆ ಉಳಿಯುವುದಕ್ಕೆ ಇನ್ನೊಂದು ಅಡ್ಡಿ ಗಡಿಯಾರ. ಕಾಲೇಜು ಆಟದಲ್ಲಿ ಗಡಿಯಾರ 45ರಿಂದ ಸೊನ್ನೆಗೆ ಇಳಿಯುತ್ತದೆ. ಗೋಲಾದಾಗ, ಕಾರ್ಡ್ ತೋರಿಸಿದಾಗ, ರೆಫರಿ ಕೈ ಮಾಡಿದಾಗ ನಿಲ್ಲುತ್ತದೆ. ರೆಫರಿ ಕೈಗಡಿಯಾರದ ಹೆಚ್ಚುವರಿ ನಿಮಿಷಗಳಿಲ್ಲ. ಸೊನ್ನೆ ಮುಟ್ಟಿದರೆ ಹಾರ್ನ್, ಆಟ ಮುಗಿಯಿತು. 2022ರ ಫೈನಲ್ಲೂ ಇದೇ ಮೈದಾನದಲ್ಲಿ ನಡೆದಿತ್ತು. ನಾರ್ತ್ ಕೆರೊಲಿನಾ ಏವರಿ ಪ್ಯಾಟರ್ಸನ್‌ಳ ಎರಡು ಗೋಲಿನಿಂದ 2-0 ಮುಂದಿತ್ತು. ಎದುರಾಳಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಾಲೇಜು ಒಂದು ಹಿಂತಿರುಗಿಸಿತು. ಇನ್ನು 16 ಸೆಕೆಂಡ್ ಇರುವಾಗ ಕಾರ್ನರ್‌ನಿಂದ ಬಂದ ಚೆಂಡನ್ನು ರೈಲಿನ್ ಟರ್ನರ್ ತಲೆಯಿಂದ ಬಲೆಗೆ ಹಾಕಿದಳು. ಹೆಚ್ಚುವರಿ ಸಮಯದ 107ನೇ ನಿಮಿಷದಲ್ಲಿ ಮಾರಿಕಾರ್ಮೆನ್ ರೆಯೆಸ್ ಗೆಲುವಿನ ಗೋಲು ಹೊಡೆದಳು. ಮೊದಲ ವರ್ಷದ ಹೆಡ್ ಕೋಚ್ ಮಾರ್ಗರೀಟ್ ಅವೊಜಾಸಾಗೆ ಕಪ್. ಹದಿನಾರು ಸೆಕೆಂಡ್ ಮೊದಲು ಅದು ನಾರ್ತ್ ಕೆರೊಲಿನಾದ ಕೈಯಲ್ಲಿತ್ತು. ಮರುವರ್ಷ, ಅಂದರೆ ಈ ಸಲ, ಅದೇ ನಾರ್ತ್ ಕೆರೊಲಿನಾ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಗಮ್ ಯಂಗ್ ಯೂನಿವರ್ಸಿಟಿಯ ಎದುರು 3-0 ಮುಂದಿದ್ದೂ 4-3ರಲ್ಲಿ ಸೋತಿತು. ಮುಂದಿರುವ ತಂಡ ಹಿಂದೆ ಸರಿದು ಗೋಲ್‌ಮುಂದೆ ಗುಂಪುಗೂಡಿದರೆ ಎದುರಾಳಿಗೆ ಕಾರ್ನರ್ ಮೇಲೆ ಕಾರ್ನರ್ ಸಿಗುತ್ತದೆ. ಒಂದಲ್ಲ ಒಂದು ಒಳಗೆ ಹೋಗುತ್ತದೆ.

ಕಾರ್ನರ್ ಅಭ್ಯಾಸಕ್ಕೆ ದುಡ್ಡು ಬೇಡ, ಹತ್ತು ಚೆಂಡು ಸಾಕು. ಬಲಬದಿಯ ಕಾರ್ನರ್ ಅನ್ನು ಎಡಗಾಲಿನವಳು, ಎಡಬದಿಯದನ್ನು ಬಲಗಾಲಿನವಳು ಹೊಡೆದರೆ ಚೆಂಡು ಗೋಲಿನ ಕಡೆಗೆ ಬಾಗುತ್ತದೆ. ಗುರಿ ಗೋಲ್‌ಗೆರೆಯಿಂದ ಐದೂವರೆ ಮೀಟರ್ ದೂರದ ಚಿಕ್ಕ ಚೌಕದ ಅಂಚು, ಹತ್ತಿರದ ಕಂಬದ ನೇರಕ್ಕೆ, ತಲೆಯೆತ್ತರ. ನಾಲ್ವರು ಪೆನಾಲ್ಟಿ ಬಿಂದುವಿನ ಬಳಿ ನಿಂತು ಓಡಿಬರಬೇಕು, ಒಬ್ಬಳು ಗೋಲ್‌ಕೀಪರ್ ಎದುರು, ಒಬ್ಬಳು ಚೌಕದ ಹೊರಗೆ, ಇಬ್ಬರು ಹಿಂದೆ ಕಾವಲು. ಕೆಡುವುದು ಎರಡು ಕಡೆ. ಹೊಡೆದದ್ದು ತಗ್ಗಾಗಿ ಮೊದಲ ಡಿಫೆಂಡರ್‌ನ ಕಾಲಿಗೇ ಹೋಗುತ್ತದೆ. ಇಲ್ಲವೆ ಓಡಿಬರುವವರು ಬೇಗ ಬಂದು ಗೋಲ್‌ಮುಂದೆ ನಿಂತುಬಿಡುತ್ತಾರೆ, ನಿಂತಲ್ಲಿಂದ ಹಾರಿದರೆ ಎತ್ತರ ಸಿಗದು. ಹೊಡೆಯುವವಳು ಕೈಯೆತ್ತಿ ಇಳಿಸಿದ ಮೇಲೇ ಓಟ ಶುರುವಾಗಲಿ.

ಸೀಸನ್ ಪಂದ್ಯಗಳಲ್ಲಿ 2022ರಿಂದ ಹೆಚ್ಚುವರಿ ಸಮಯವೇ ಇಲ್ಲ, ಸಮವಾದರೆ ಡ್ರಾ. ನಾಕೌಟ್‌ನಲ್ಲಿ ಹತ್ತು ಹತ್ತು ನಿಮಿಷದ ಎರಡು ಭಾಗ, ಆಮೇಲೆ ಪೆನಾಲ್ಟಿ. ಫ್ಲೋರಿಡಾ ಸ್ಟೇಟ್‌ಗೆ ಪೆನಾಲ್ಟಿಯ ಸಿಹಿ ಕಹಿ ಎರಡೂ ಗೊತ್ತು. ಕೋವಿಡ್‌ನಿಂದ 2021ರ ಮೇ ತಿಂಗಳಿಗೆ ಹೋಗಿದ್ದ 2020ರ ಫೈನಲ್ ಅನ್ನು ಇಲ್ಲೇ ಕ್ಯಾರಿಯಲ್ಲಿ ಸಾಂಟಾ ಕ್ಲಾರಾ ತಂಡಕ್ಕೆ ಪೆನಾಲ್ಟಿಯಲ್ಲಿ ಬಿಟ್ಟುಕೊಟ್ಟರು. ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ರಿಗಮ್ ಯಂಗ್ ವಿರುದ್ಧ ಗೋಲಿಲ್ಲದ ಫೈನಲ್ ಅನ್ನು ಪೆನಾಲ್ಟಿಯಲ್ಲಿ ಗೆದ್ದರು. ಈ ಸಲದ್ದು 2014, 2018, 2021ರ ನಂತರ ನಾಲ್ಕನೇ ಕಪ್.

ಗೌರವಗಳ ವಿಷಯ. ಎಸಿಸಿ ಪಂದ್ಯಾವಳಿಯ ಕಪ್ಪೂ ಅವರದೇ. ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಮ್ಯಾಕ್ ಹರ್ಮನ್ ಟ್ರೋಫಿ ಇದೇ ತಂಡದ ಒನ್ಯಿ ಎಚೆಗಿನಿಗೆ ಬಂತು. ನೈಜೀರಿಯಾದ ವಿಶ್ವಕಪ್ ತಂಡದಲ್ಲಿದ್ದ ಮಿಡ್‌ಫೀಲ್ಡರ್. ಮೊದಲು ಮಿಸಿಸಿಪ್ಪಿ ಸ್ಟೇಟ್‌ನಲ್ಲಿದ್ದು ಫ್ಲೋರಿಡಾ ಸ್ಟೇಟ್‌ಗೆ ಬಂದವಳು, 2024ರ ಜನವರಿಯಲ್ಲಿ ಇಟಲಿಯ ಯುವೆಂಟಸ್ ಸೇರಿದಳು. ಇದೇ ಕಾಲೇಜಿನ ಮಾಮಿ ಯಮಾಗುಚಿಗೆ 2007ರಲ್ಲಿ, ಜೇಲಿನ್ ಹೊವೆಲ್‌ಗೆ 2020 ಮತ್ತು 2021ರಲ್ಲಿ ಈ ಟ್ರೋಫಿ ಸಿಕ್ಕಿತ್ತು. ಕೊಡುವುದು ಸೇಂಟ್ ಲೂಯಿಸ್‌ನ ಮಿಸೌರಿ ಅಥ್ಲೆಟಿಕ್ ಕ್ಲಬ್, ಮತ ಹಾಕುವುದು ಕಾಲೇಜು ಕೋಚ್‌ಗಳು. ಮೊದಲು ಹದಿನೈದು ಹೆಸರು, ಆಮೇಲೆ ಮೂರು, ಕೊನೆಗೆ ಒಂದು. ಇದಲ್ಲದೆ ದೇಶದ ಶ್ರೇಷ್ಠ ಆಟಗಾರ್ತಿಯರನ್ನು ಕೋಚ್‌ಗಳ ಸಂಘ ಆರಿಸುವ ಆಲ್ ಅಮೆರಿಕ ತಂಡಗಳಿವೆ. ಓದು ಆಟ ಎರಡರಲ್ಲೂ ಮುಂದಿರುವವರಿಗೆ ಅಕಡೆಮಿಕ್ ಆಲ್ ಅಮೆರಿಕ ಇದೆ. ಫೈನಲ್ ನಡೆಯುವ ಊರಿಗೆ ಬಂದ ತಂಡಗಳಲ್ಲಿ ಓದಿನಲ್ಲಿ ಅತಿ ಹೆಚ್ಚು ಅಂಕ ತೆಗೆದವಳಿಗೂ ಒಂದು ಪ್ರಶಸ್ತಿ ಇದೆ. ಅಮ್ಮನಿಗೆ ಈ ಕೊನೆಯದು ಇಷ್ಟವಾಗುತ್ತದೆ, ಓದಿ ಹೇಳಿ.

ನನಗೊಂದು ಬೇಸರವಿದೆ. ಇಲ್ಲಿನ ಅಂಕಿಪಟ್ಟಿಯಲ್ಲಿ ಗೋಲಿಗೆ 2 ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟವಳಿಗೆ 1. ಓಡಿಬಂದು ದಾರಿ ಮುಚ್ಚಿದ ಡಿಫೆಂಡರ್‌ಗೆ ಏನೂ ಇಲ್ಲ. ಮತ ಹಾಕುವವರ ಕೈಯಲ್ಲಿರುವುದೂ ಅದೇ ಪಟ್ಟಿ. ನೀವು ಶಾಲೆಯ ಬಹುಮಾನಕ್ಕೆ ಹೆಸರು ಬರೆಯುವಾಗ ಇಬ್ಬರು ಹುಡುಗಿಯರನ್ನು ಗೆರೆಯಾಚೆ ಕೂರಿಸಿ, ಯಾರು ಎಷ್ಟು ಸಲ ಚೆಂಡು ಕಿತ್ತುಕೊಂಡರು, ಎಷ್ಟು ಸಲ ಹೊಡೆತಕ್ಕೆ ಅಡ್ಡ ಬಂದರು ಎಂದು ಗೆರೆ ಎಳೆದು ಲೆಕ್ಕ ಇಡಿಸಿ. ಒಂದು ನೋಟ್‌ಬುಕ್ಕು ಸಾಕು.

ಪುಟ್ಟಿಗೆ: ಇಲ್ಲಿಗೆ ಆಡಲು ಬರಬಹುದೇ ಎಂದು ಕೇಳಿದ್ದೀ. 2023-24ರಲ್ಲಿ ಒಂದನೇ ದರ್ಜೆಯ ಒಂದು ಕಾಲೇಜಿಗೆ ಹುಡುಗಿಯರ ಫುಟ್‌ಬಾಲ್‌ಗೆ ಸಿಗುತ್ತಿದ್ದದ್ದು 14 ಪೂರ್ತಿ ವಿದ್ಯಾರ್ಥಿವೇತನ. ಅದನ್ನೇ ಇಪ್ಪತ್ತೈದು ಮೂವತ್ತು ಜನರಿಗೆ ಪಾಲು ಮಾಡುತ್ತಿದ್ದರು, ಪೂರ್ತಿ ಸಿಗುತ್ತಿದ್ದದ್ದು ಕೆಲವರಿಗೇ. ಆ ವರ್ಷದ ನಿಯಮದಂತೆ ಪಿಯುಸಿ ಮುಗಿದ ಮೇಲೆ ಒಂದು ವರ್ಷದವರೆಗೆ ತೊಂದರೆಯಿಲ್ಲ. ಅದಕ್ಕಿಂತ ತಡಮಾಡಿ, ಆ ಅವಧಿಯಲ್ಲಿ ಟೂರ್ನಮೆಂಟ್ ಆಡುತ್ತಿದ್ದರೆ, ಇಲ್ಲಿನ ನಾಲ್ಕು ಸೀಸನ್‌ಗಳಲ್ಲಿ ಒಂದೊಂದೇ ಕೈಬಿಟ್ಟುಹೋಗುತ್ತದೆ. ಆಡಿದ್ದಕ್ಕೆ ಸಂಬಳ ಅಂತ ಎಲ್ಲೂ ರುಜು ಹಾಕಬೇಡ, ಮೊದಲು ನನ್ನನ್ನು ಕೇಳು. ಹತ್ತನೇ ತರಗತಿಯಿಂದ ಈಚಿನ ಅಂಕಪಟ್ಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಡು.

11+ನ ಚಿತ್ರಪಟವನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ ಅಪ್ಪ. ಹದಿನೈದು ವ್ಯಾಯಾಮಕ್ಕೂ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮಂಡಿಯೂರುವ ವ್ಯಾಯಾಮಕ್ಕೆ ಶಾಲೆಯ ಮೈದಾನದ ಗರಸು ನೆಲ ಬೇಡ, ಗೋಣಿಚೀಲ ಎರಡು ಮಡಿಕೆ ಮಾಡಿ ಹಾಸಿಸಿ.

ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು